ಪ್ಲಸ್ ವನ್ ಅರ್ಜಿ ತುಂಬುವ ಮೊದಲು: ಭೌತಶಾಸ್ತ್ರದ ದೂರದ ದಾರಿ

ಕಳೆದ ವರ್ಷ ಆಟಿ ತಿಂಗಳಿನ ಒಂದು ಅಪರಾಹ್ನ. ಹೆಂಚಿನ ಮಾಡಿಗೆ ಮಳೆ ಹೊಡೆಯುತ್ತಿದ್ದ ಸದ್ದಿಗೆ ನಾವು ಹೇಳಿದ ಪಾಠ ಹಿಂದಿನ ಬೆಂಚಿಗೆ ತಲುಪುವಂತಿರಲಿಲ್ಲ. ಪುಸ್ತಕ ಮುಚ್ಚಿ ಕುಳಿತಿದ್ದಾಗ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಮೇಜಿನ ಬಳಿಗೆ ಬಂದು, "ಸರ್, ಬಾವಿಯ ಅಡಿಯಲ್ಲಿಟ್ಟ ವಾಚು ಗುಡ್ಡೆಯ ಮೇಲಿಟ್ಟ ವಾಚಿಗಿಂತ ನಿಧಾನ ಹೋಗ್ತದಂತೆ, ಹೌದಾ?" ಎಂದು ಕೇಳಿದಳು. ಎದುರಿನ ಬೆಂಚಿನ ಮಕ್ಕಳು ನಕ್ಕರು. ನಮಗೂ ನಗು ಬಂತು, ಉತ್ತರ ಬರಲಿಲ್ಲ. ನಾಳೆ ಹೇಳುವುದಾಗಿ ಅವಳನ್ನು ಕಳುಹಿಸಿದೆವು.

ನಾವು ಪ್ರಿ-ಡಿಗ್ರಿಯ ಬಳಿಕ ಟಿ.ಸಿ.ಎಚ್. ಮಾಡಿ ಈ ವೃತ್ತಿಗೆ ಬಂದವರು. ಭೌತಶಾಸ್ತ್ರದಲ್ಲಿ ನಮ್ಮ ಪಾಂಡಿತ್ಯ ಎಷ್ಟೆಂಬುದು ನಮಗೆ ಗೊತ್ತು. ಅಂದು ರಾತ್ರಿ ಕುಳಿತು ಹುಡುಕಿದಾಗ ತಿಳಿದದ್ದು, ಹುಡುಗಿ ಹೇಳಿದ್ದೇ ಸರಿ ಎಂದು. ಭೂಮಿಯ ಕೇಂದ್ರಕ್ಕೆ ಹತ್ತಿರವಾದಷ್ಟೂ ಗಡಿಯಾರ ನಿಧಾನವಾಗುತ್ತದೆ. ಹತ್ತು ಮೀಟರ್ ಆಳದ ಬಾವಿಯಲ್ಲಿ ಒಂದು ವರ್ಷ ಇಟ್ಟ ಗಡಿಯಾರ, ಬಾವಿಕಟ್ಟೆಯ ಮೇಲಿನ ಗಡಿಯಾರಕ್ಕಿಂತ ಹಿಂದೆ ಬೀಳುವುದು ಒಂದು ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಅಂಥ ಸುಮಾರು 34 ಪಾಲುಗಳಷ್ಟು. ನಮ್ಮ ಕೈಗಡಿಯಾರಕ್ಕೆ ಅದು ತಿಳಿಯುವುದಿಲ್ಲ. ಆದರೆ 2010ರಲ್ಲಿ ಅಮೆರಿಕದ ವಿಜ್ಞಾನಿಗಳು ಎರಡು ಪರಮಾಣು ಗಡಿಯಾರಗಳನ್ನು ಕೇವಲ 33 ಸೆಂಟಿಮೀಟರ್ ಮೇಲೆ ಕೆಳಗೆ ಇಟ್ಟು ಈ ವ್ಯತ್ಯಾಸವನ್ನು ಅಳೆದು ತೋರಿಸಿದ್ದಾರೆ.

ಹುಡುಗಿಗೆ ಇದು ಎಲ್ಲಿ ಸಿಕ್ಕಿತು ಎಂದು ವಿಚಾರಿಸಿದರೆ, ನಮ್ಮ ಶಾಲೆಯ ಗ್ರಂಥಾಲಯದ ಕಪಾಟಿನಲ್ಲಿ ರಟ್ಟು ಕಳೆದುಕೊಂಡು ಬಿದ್ದಿದ್ದ ಹಳೆಯ ಕನ್ನಡ ವಿಜ್ಞಾನ ಪುಸ್ತಕವೊಂದರಲ್ಲಿ. ಆ ಪುಸ್ತಕವನ್ನು ನಾವು ಅಷ್ಟು ವರ್ಷಗಳಲ್ಲಿ ಒಮ್ಮೆಯೂ ತೆರೆದಿರಲಿಲ್ಲ.

ಈ ಬಾರಿಯ ಎಸ್.ಎಸ್.ಎಲ್.ಸಿ.ಯಲ್ಲಿ ಅವಳಿಗೆ ಎಲ್ಲ ವಿಷಯಗಳಲ್ಲಿಯೂ ಎ ಪ್ಲಸ್ ಬಂದಿದೆ. ಫಲಿತಾಂಶದ ಮೂರನೆಯ ದಿನ ಅವಳ ತಂದೆ ನಮ್ಮ ಮನೆಯ ಜಗಲಿಗೆ ಬಂದು ಕುಳಿತರು. ಬಾವಿ ತೋಡುವುದು, ಸುರಂಗ ಕೊರೆಯುವುದು ಅವರ ಕೆಲಸ. ತಾಯಿ ಬೀಡಿ ಕಟ್ಟುತ್ತಾರೆ. "ಮಾಷ್ಟ್ರೇ, ಇವಳು ಎಂತದೋ ಥಿಯರಿ ಫಿಸಿಕ್ಸ್ ಕಲೀತೇನೆ ಅಂತ ಹಟ ಹಿಡಿದಿದ್ದಾಳೆ. ಅವಳ ಮಾವ ನರ್ಸಿಂಗಿಗೆ ಸೇರಿಸಿ ಅಂತಾರೆ. ಈ ಥಿಯರಿ ಕಲಿತರೆ ಎಂತ ಕೆಲಸ ಸಿಗ್ತದೆ? ಅದಕ್ಕೆ ಎಲ್ಲಿಗೆ ಹೋಗಬೇಕು? ಖರ್ಚು ಎಷ್ಟು?" ಎಂದು ಮೂರು ಪ್ರಶ್ನೆಗಳನ್ನು ಒಂದೇ ಉಸಿರಿಗೆ ಕೇಳಿದರು. ನಮ್ಮ ಜಿಲ್ಲೆಯ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಇಂತಹ ಮಕ್ಕಳು ವರ್ಷಕ್ಕೊಬ್ಬರಾದರೂ ಇರುತ್ತಾರೆ ಎಂಬ ನಂಬಿಕೆಯಿಂದ, ಆ ತಂದೆಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇವೆ.

ಇದನ್ನು ಬರೆಯಲು ಇನ್ನೊಂದು ಕಾರಣವೂ ಉಂಟು. ಸುಮಾರು ಹದಿನೈದು ವರ್ಷಗಳ ಹಿಂದೆ ಇಂಥದೇ ಒಬ್ಬ ಹುಡುಗ ನಮ್ಮ ಕೈಕೆಳಗೆ ಕಲಿತಿದ್ದ. ಲೆಕ್ಕದಲ್ಲಿ ನಾವು ಒಂದು ದಾರಿ ತೋರಿಸಿದರೆ ಅವನು ಎರಡು ದಾರಿ ತೋರಿಸುತ್ತಿದ್ದ. ಅವನ ಮನೆಯವರು ಸಲಹೆ ಕೇಳಿದಾಗ, ಬೇಗ ಸಂಪಾದನೆ ಆಗಲಿ ಎಂದು ಪಾಲಿಟೆಕ್ನಿಕ್ ಸೂಚಿಸಿದವರು ನಾವೇ. ಈಗ ಅವನು ಕೊಲ್ಲಿಯಲ್ಲಿ ವಿದ್ಯುತ್ ವಿಭಾಗದ ಮೇಲ್ವಿಚಾರಕ. ಮನೆ ಕಟ್ಟಿಸಿದ್ದಾನೆ, ತಂಗಿಯ ಮದುವೆ ಮಾಡಿಸಿದ್ದಾನೆ. ನಮ್ಮ ಸಲಹೆ ತಪ್ಪಾಯಿತೆಂದು ಯಾರೂ ಹೇಳಲಾರರು. ಆದರೆ ಊರಿನ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ನಮ್ಮ ಪಕ್ಕದಲ್ಲಿ ಕುಳಿತವನು, 2019ರ ಎಪ್ರಿಲಿನಲ್ಲಿ ಪ್ರಕಟವಾದ ಕಪ್ಪುಕುಳಿಯ ಮೊದಲ ಚಿತ್ರವನ್ನು ಫೋನಿನಲ್ಲಿ ತೆಗೆದು ತೋರಿಸಿ, "ಸರ್, ಇದರ ಲೆಕ್ಕ ಹೇಗೆ ಮಾಡ್ತಾರೆ ಅಂತ ನನಗೆ ಈಗಲೂ ಗೊತ್ತಾಗಬೇಕು" ಎಂದ. ಪಾಯಸ ಬಡಿಸುವವರು ಬಂದುದರಿಂದ ಮಾತು ಅಲ್ಲಿಗೇ ನಿಂತಿತು. ನಮಗೆ ಪಾಯಸ ರುಚಿಸಲಿಲ್ಲ.

ಈ ಶಾಸ್ತ್ರದ ಕೆಲಸ ಎಂಥದು ಎಂಬುದನ್ನು ಮೊದಲು ತಿಳಿದುಕೊಳ್ಳೋಣ. ಭೌತವಿಜ್ಞಾನಿಗಳಲ್ಲಿ ಸ್ಥೂಲವಾಗಿ ಎರಡು ಪಂಗಡ. ಉಪಕರಣಗಳನ್ನು ಕಟ್ಟಿ ಪ್ರಕೃತಿಯನ್ನು ಅಳೆಯುವವರು ಒಂದು ಕಡೆ. ಕಾಗದ, ಪೆನ್ಸಿಲು, ಈಚೆಗೆ ಕಂಪ್ಯೂಟರು ಹಿಡಿದು, ಪ್ರಕೃತಿ ಹೀಗಿದ್ದರೆ ಏನೇನು ಆಗಬೇಕು ಎಂದು ಗಣಿತದಿಂದ ಹೇಳುವವರು ಇನ್ನೊಂದು ಕಡೆ. ಈ ಎರಡನೆಯವರನ್ನು ಸೈದ್ಧಾಂತಿಕ ಭೌತವಿಜ್ಞಾನಿಗಳು ಎನ್ನುತ್ತಾರೆ. ಮೇಲೆ ಹೇಳಿದ ಗಡಿಯಾರದ ಸಂಗತಿಯನ್ನೇ ನೋಡಿ. ಐನ್‌ಸ್ಟೈನ್ ಅದನ್ನು 1907ರಲ್ಲಿ ಲೆಕ್ಕ ಹಾಕಿ ಹೇಳಿದಾಗ ಅವರು ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ನೌಕರರಾಗಿದ್ದರು. ಭೂಮಿಯ ಮೇಲೆ ಅದು ನಂಬುವಂತೆ ಅಳತೆಗೆ ಸಿಕ್ಕಿದ್ದು 1960ರಲ್ಲಿ, ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಕಟ್ಟಡದಲ್ಲಿ ಇಪ್ಪತ್ತೆರಡೂವರೆ ಮೀಟರ್ ಎತ್ತರದ ಅಂತರದಲ್ಲಿ. ಲೆಕ್ಕಕ್ಕೂ ಅಳತೆಗೂ ನಡುವೆ ಐವತ್ತಮೂರು ವರ್ಷ.

ಇದು ಜರ್ಮನರಿಗೂ ಅಮೆರಿಕದವರಿಗೂ ಮಾತ್ರ ಸೇರಿದ ವಿದ್ಯೆ ಎಂದು ಯಾರಾದರೂ ಹೇಳಿದರೆ ಅವರಿಗೆ ಸಿ.ವಿ. ವಿಶ್ವೇಶ್ವರ ಅವರ ಕತೆಯನ್ನು ಹೇಳಬೇಕು. ಇವರು 1938ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ತಂದೆ ಸಿ.ಕೆ. ವೆಂಕಟರಾಮಯ್ಯನವರು ಹೆಸರಾಂತ ಕನ್ನಡ ಸಾಹಿತಿ. ಮಗ ಮೈಸೂರು ವಿಶ್ವವಿದ್ಯಾಲಯದಿಂದ 1958ರಲ್ಲಿ ಬಿ.ಎಸ್‌ಸಿ. ಆನರ್ಸ್, ಮರುವರ್ಷ ಎಂ.ಎಸ್‌ಸಿ. ಮುಗಿಸಿ ಅಮೆರಿಕಕ್ಕೆ ಹೋದರು. ಅಲ್ಲಿ ಮೊದಲು ಕೊಲಂಬಿಯ ವಿಶ್ವವಿದ್ಯಾಲಯ, ಆಮೇಲೆ ಮೇರಿಲ್ಯಾಂಡ್. ಚಾರ್ಲ್ಸ್ ಮಿಸ್ನರ್ ಎಂಬ ಪ್ರಾಧ್ಯಾಪಕರ ಕೈಕೆಳಗೆ 1968ರಲ್ಲಿ ಡಾಕ್ಟರೇಟ್. ಕಪ್ಪುಕುಳಿ ಎಂಬುದು ಆಗ ಇನ್ನೂ ಕಾಗದದ ಮೇಲಿನ ವಸ್ತು. ಅಂಥದೊಂದು ಇದ್ದರೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಬೆಳಕೂ ಹೊರಬರಲಾರದ ವಸ್ತುವನ್ನು ಗುರುತಿಸುವುದು ಹೇಗೆ?

ವಿಶ್ವೇಶ್ವರ ಅವರು ಅದಕ್ಕೆ ಗುರುತ್ವದ ಅಲೆಗಳನ್ನು ಎಸೆದು ನೋಡಿದರು. ಲೆಕ್ಕದಲ್ಲಿ ಎಸೆದರು ಎಂದು ತಿಳಿಯಬೇಕು. ಅಗಲವಾದ ಅಲೆಯ ಮುದ್ದೆಯನ್ನು ಎಸೆದಾಗ ವಿಶೇಷವೇನೂ ಕಾಣಲಿಲ್ಲ. ಮುದ್ದೆಯನ್ನು ಕಿರಿದುಗೊಳಿಸುತ್ತಾ ಹೋಗಿ, ಅದು ಕಪ್ಪುಕುಳಿಯ ಗಾತ್ರದಷ್ಟಕ್ಕೆ ಇಳಿದಾಗ, ಮರಳಿ ಬಂದ ಅಲೆಯಲ್ಲಿ ಒಂದು ನಾದ ಕಂಡಿತು. ದೇವಸ್ಥಾನದ ಗಂಟೆಯನ್ನು ಒಮ್ಮೆ ಬಾರಿಸಿ ಬಿಟ್ಟರೆ ಅದು ತನ್ನದೇ ಸ್ವರದಲ್ಲಿ ಮೊಳಗಿ ಮೆಲ್ಲನೆ ಅಡಗುವುದಿಲ್ಲವೇ? ಹಾಗೆಯೇ ಕಪ್ಪುಕುಳಿಯೂ ಮೊಳಗಿ ಅಡಗುತ್ತದೆ. ಗಂಟೆಯ ಸ್ವರದಿಂದ ಗಂಟೆಯ ಗಾತ್ರವನ್ನು ಊಹಿಸುವಂತೆ, ಆ ಮೊಳಗಿನಿಂದ ಕಪ್ಪುಕುಳಿಯ ತೂಕವನ್ನು ಹೇಳಬಹುದು. ಈ ಲೇಖನ 'ನೇಚರ್' ಪತ್ರಿಕೆಯಲ್ಲಿ 1970ರಲ್ಲಿ ಅಚ್ಚಾಯಿತು. ಮುಂದೆ ಅವರು ಭಾರತಕ್ಕೆ ಮರಳಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ, ಬಳಿಕ ಖಭೌತ ಸಂಸ್ಥೆಯಲ್ಲಿ ದುಡಿದರು. ಮಕ್ಕಳನ್ನು ಕರೆದುಕೊಂಡು ಬೆಂಗಳೂರಿಗೆ ಹೋದವರು ನೋಡುವ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರೂ ಅವರೇ.

2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಯಂತ್ರಗಳು ಗುರುತ್ವ ತರಂಗವನ್ನು ಮೊದಲ ಬಾರಿಗೆ ಹಿಡಿದವು. ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ, ಸೂರ್ಯನ ಸುಮಾರು 36 ಪಟ್ಟು ಮತ್ತು 29 ಪಟ್ಟು ತೂಕದ ಎರಡು ಕಪ್ಪುಕುಳಿಗಳು ಡಿಕ್ಕಿಯಾಗಿ ಒಂದಾದ ಅಲೆ ಅದು. ಅಲೆಯ ಕೊನೆಯಲ್ಲಿ, ಹೊಸದಾಗಿ ಹುಟ್ಟಿದ ದೊಡ್ಡ ಕಪ್ಪುಕುಳಿ ಮೊಳಗಿ ಅಡಗುವ ಗುರುತು ಇತ್ತು. 2016ರ ಫೆಬ್ರವರಿ 11ರಂದು ಈ ಸುದ್ದಿ ಲೋಕಕ್ಕೆಲ್ಲ ತಿಳಿಯಿತು. ವಿಶ್ವೇಶ್ವರ ಅವರು ತೀರಿಕೊಂಡದ್ದು 2017ರ ಜನವರಿಯಲ್ಲಿ. ಮೂವತ್ತೆರಡರ ಹರೆಯದಲ್ಲಿ ಪ್ರಕಟಿಸಿದ ಲೆಕ್ಕ ಎಪ್ಪತ್ತೇಳರಲ್ಲಿ ನಿಜವಾದುದನ್ನು ಕಂಡು ಹೋದರು.

ಕೇರಳದ ಕಡೆಯಿಂದ ಹೇಳುವುದಾದರೆ ಕೋಟ್ಟಯಂ ಬಳಿಯ ಪಳ್ಳಂನಲ್ಲಿ 1931ರಲ್ಲಿ ಹುಟ್ಟಿದ ಇ.ಸಿ.ಜಿ. ಸುದರ್ಶನ್ ಇದ್ದಾರೆ. ಕೋಟ್ಟಯಂನ ಸಿ.ಎಂ.ಎಸ್. ಕಾಲೇಜು, ಮದರಾಸಿನ ಕ್ರಿಶ್ಚಿಯನ್ ಕಾಲೇಜು, ಮುಂಬಯಿಯ ಟಾಟಾ ಸಂಶೋಧನಾ ಸಂಸ್ಥೆ, ಅಲ್ಲಿಂದ ಅಮೆರಿಕದ ರೋಚೆಸ್ಟರ್: ಹೀಗೆ ಅವರ ದಾರಿ. ಪರಮಾಣುವಿನ ಒಳಗಿನ ದುರ್ಬಲ ಬಲದ ಸ್ವರೂಪವನ್ನು ತಮ್ಮ ಗುರು ಮಾರ್ಷಾಕ್ ಜತೆಗೂಡಿ 1957ರಲ್ಲಿ ಬಿಡಿಸಿದಾಗ ಅವರಿನ್ನೂ ವಿದ್ಯಾರ್ಥಿ. ನೊಬೆಲ್ ಬಹುಮಾನ ಅವರಿಗೆ ಬರಲಿಲ್ಲ. ಅದರ ಬಗ್ಗೆ ಬಹಳ ಚರ್ಚೆ ನಡೆದಿದೆ.

ಇನ್ನು ನಮ್ಮ ಅಂಗಳಕ್ಕೆ ಬರೋಣ. ಈ ದಾರಿಯ ಮೊದಲ ಕವಲು ಇದೀಗ, ಪ್ಲಸ್ ವನ್ ಏಕಜಾಲಕದ ಅರ್ಜಿಯಲ್ಲಿಯೇ ಉಂಟು. ಸಾಯನ್ಸ್ ಸಿಕ್ಕಿದರೆ ಸಾಕು ಎಂದು ತಿಳಿದು ಯಾವ ಗುಂಪಾದರೂ ಆಗಲಿ ಎನ್ನುವ ಹೆತ್ತವರಿದ್ದಾರೆ. ಸಾಯನ್ಸಿನಲ್ಲಿ ಗಣಿತವಿಲ್ಲದ ಗುಂಪುಗಳೂ ಇವೆ: ಜೀವಶಾಸ್ತ್ರದ ಜತೆಗೆ ಹೋಂ ಸಾಯನ್ಸ್, ಜೀವಶಾಸ್ತ್ರದ ಜತೆಗೆ ಸೈಕಾಲಜಿ ಇತ್ಯಾದಿ. ಅವುಗಳಲ್ಲಿ ಸೇರಿದ ಮಗುವಿಗೆ ಭೌತಶಾಸ್ತ್ರದ ಬಾಗಿಲು ಹದಿನಾರನೆಯ ವಯಸ್ಸಿನಲ್ಲಿಯೇ ಮುಚ್ಚಿದಂತೆ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಮ್ಯಾಥ್ಸ್ ಇರುವ ಗುಂಪು ಅಥವಾ ಬಯಾಲಜಿಯ ಬದಲು ಕಂಪ್ಯೂಟರ್ ಸಾಯನ್ಸ್ ಇರುವ ಗುಂಪು, ಇವೆರಡರಲ್ಲಿ ಒಂದು ಬೇಕು. ನಮ್ಮ ಅಭಿಪ್ರಾಯ ಮೊದಲನೆಯದರ ಕಡೆಗೆ. ಕಾರಣ ಮುಂದೆ ಬರುತ್ತದೆ.

ಎರಡನೆಯದು ಭಾಷೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ, ಏಕೆಂದರೆ ನಮ್ಮ ಮಕ್ಕಳು ಸೋಲುವುದು ಹೆಚ್ಚಾಗಿ ಇಲ್ಲಿಯೇ. ಹತ್ತನೆಯವರೆಗೆ ಕನ್ನಡದಲ್ಲಿ ಕಲಿತ ಮಗು ಪ್ಲಸ್ ವನ್ನಿಗೆ ಹೋದಾಗ ಪುಸ್ತಕ ಇಂಗ್ಲಿಷಿನಲ್ಲಿರುತ್ತದೆ, ವಿವರಣೆ ಬಹಳ ಕಡೆ ಮಲಯಾಳದಲ್ಲಿ ನಡೆಯುತ್ತದೆ. ಮಲಯಾಳ ಮಾಧ್ಯಮದಿಂದ ಬಂದ ಮಗುವಿಗೆ ವಿವರಣೆಯಾದರೂ ತನ್ನದು. ಇಂಗ್ಲಿಷ್ ಮಾಧ್ಯಮದಿಂದ ಬಂದ ಮಗುವಿಗೆ ಪುಸ್ತಕವಾದರೂ ತನ್ನದು. ನಮ್ಮ ಮಗುವಿಗೆ ಎರಡೂ ಹೊಸತು. ಕನ್ನಡದಲ್ಲಿ ವೇಗೋತ್ಕರ್ಷ ಎಂದರೆ ಏನೆಂದು ಚೆನ್ನಾಗಿ ತಿಳಿದ ಹುಡುಗ, ಎಕ್ಸಲರೇಶನ್ ಎಂದಾಗ ಕಣ್ಣು ಬಿಡುತ್ತಾನೆ. ಗೊತ್ತಿಲ್ಲ ಎಂದು ಎದ್ದು ನಿಲ್ಲಲು ನಾಚಿಕೆ. ಓಣಂ ಪರೀಕ್ಷೆಯ ಹೊತ್ತಿಗೆ ತಾನು ದಡ್ಡ ಎಂದು ನಂಬಿರುತ್ತಾನೆ. ನಮ್ಮ ಶಾಲೆಯಿಂದ ಹೋದ ಒಳ್ಳೆಯ ಮಕ್ಕಳು ಹೀಗೆ ಬಾಡಿದ್ದನ್ನು ಒಂದಲ್ಲ, ಹಲವು ಸಲ ಕಂಡಿದ್ದೇವೆ. ತಪ್ಪು ಮಗುವಿನದೂ ಅಲ್ಲ, ಹೆಚ್ಚಿನ ಕಡೆ ಆ ಅಧ್ಯಾಪಕರದೂ ಅಲ್ಲ; ಎದುರಿಗೆ ಕುಳಿತ ಐವತ್ತು ಮಂದಿಯಲ್ಲಿ ನಾಲ್ಕು ಮಂದಿಗೆ ಮಲಯಾಳ ಸರಿಯಾಗಿ ಅರ್ಥವಾಗದು ಎಂಬುದು ಅವರಿಗೆ ತಿಳಿದಿರುವುದೇ ಇಲ್ಲ.

ಇದಕ್ಕೆ ನಾವು ಕಂಡುಕೊಂಡ ಉಪಾಯ ಬಹಳ ಸಾದಾ. ಒಂದು ಇನ್ನೂರು ಪುಟದ ನೋಟ್ ಪುಸ್ತಕ. ಪುಟದ ನಡುವೆ ಗೆರೆ. ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್. ಸಂವೇಗಕ್ಕೆ ಮೊಮೆಂಟಮ್, ಜಡತ್ವಕ್ಕೆ ಇನರ್ಷಿಯ, ವಕ್ರೀಭವನಕ್ಕೆ ರಿಫ್ರಾಕ್ಷನ್. ಎಂಟರಿಂದ ಹತ್ತರವರೆಗಿನ ವಿಜ್ಞಾನ ಮತ್ತು ಗಣಿತದ ಶಬ್ದಗಳೆಲ್ಲ ಸೇರಿದರೂ ಒಂದು ಬೇಸಿಗೆ ರಜೆಯಲ್ಲಿ ಮುಗಿಯುವಷ್ಟೇ ಇವೆ. ಬರಿಯ ಶಬ್ದ ಸಾಲದು. ಪ್ರತಿಯೊಂದಕ್ಕೂ ಇಂಗ್ಲಿಷಿನಲ್ಲಿ ಒಂದು ವಾಕ್ಯವನ್ನು ಮಗು ತಾನೇ ಬರೆಯಬೇಕು. ವ್ಯಾಕರಣ ತಪ್ಪಿದರೆ ತಪ್ಪಲಿ. ಕನ್ನಡದಲ್ಲಿ ವಿಷಯ ಗಟ್ಟಿಯಾಗಿ ತಿಳಿದಿದ್ದರೆ ಇಂಗ್ಲಿಷ್ ಹೆಸರು ಅದರ ಮೇಲೆ ಬಂದು ಕೂರುತ್ತದೆ. ಕನ್ನಡವನ್ನು ಬಿಟ್ಟು ಎಂಟನೆಯ ತರಗತಿಯಲ್ಲಿಯೇ ಇಂಗ್ಲಿಷ್ ಮಾಧ್ಯಮಕ್ಕೆ ಓಡಿದರೆ ಈ ತೊಂದರೆ ತಪ್ಪೀತು ಎಂದು ವಾದಿಸುವವರಿದ್ದಾರೆ. ಅರ್ಥವಾಗದ ಸೂತ್ರಗಳನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಒಪ್ಪಿಸುವ ಮಕ್ಕಳನ್ನೂ ನಾವು ಕಂಡಿರುವುದರಿಂದ ಆ ವಾದವನ್ನು ಒಪ್ಪಲಾರೆವು. ಮಡಿಕೇರಿಯಲ್ಲಿ ಹುಟ್ಟಿದ ಜಿ.ಟಿ. ನಾರಾಯಣರಾಯರಂಥವರು ಐನ್‌ಸ್ಟೈನರ ವಿಚಾರಗಳನ್ನೂ ನಕ್ಷತ್ರಗಳ ಹುಟ್ಟುಸಾವನ್ನೂ ಕನ್ನಡದಲ್ಲಿ ಬರೆದಿಟ್ಟಿದ್ದಾರೆ. ಪುಸ್ತಕಗಳು ಕಪಾಟಿನಲ್ಲಿವೆ. ಬೀಗದ ಕೈ ಬಹಳ ಕಡೆ ನಮ್ಮಂಥ ಅಧ್ಯಾಪಕರ ಬಳಿ ಇದೆ.

ಮೂರನೆಯದು ಗಣಿತ. ಸೈದ್ಧಾಂತಿಕ ಭೌತಶಾಸ್ತ್ರಕ್ಕೆ ಹೊರಟವರಿಗೆ ಗಣಿತ ಉಸಿರಿದ್ದಂತೆ. ಪ್ಲಸ್ ಟುವಿನ ಕ್ಯಾಲ್ಕುಲಸ್, ವೆಕ್ಟರ್, ಮ್ಯಾಟ್ರಿಕ್ಸ್ ಇವು ಮೂರೂ ಪರೀಕ್ಷೆಗಾಗಿ ಕಲಿತರೆ ಸಾಲದು. ಪೇಟೆಗೆ ಹೋಗುವ ದಾರಿಯಂತೆ ಕತ್ತಲಲ್ಲಿಯೂ ಗೊತ್ತಿರಬೇಕು. ಪ್ಲಸ್ ಟುವಿನಲ್ಲಿ ಕಲಿಯುವ ಎನ್.ಸಿ.ಇ.ಆರ್.ಟಿ. ಪುಸ್ತಕಗಳು ಅಂತರ್ಜಾಲದಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ಅವುಗಳ ಅಧ್ಯಾಯದ ಕೊನೆಯ ಲೆಕ್ಕಗಳನ್ನು ಒಂದನ್ನೂ ಬಿಡದೆ ಮಾಡಿದವರು, ಮುಂದೆ ಕಾನ್ಪುರ ಐ.ಐ.ಟಿ.ಯಲ್ಲಿದ್ದ ಎಚ್.ಸಿ. ವರ್ಮಾ ಅವರು ಬರೆದ ಎರಡು ಸಂಪುಟಗಳಿಗೆ ಕೈ ಹಾಕಬಹುದು. ಲಕ್ಷಗಟ್ಟಲೆ ಕೊಟ್ಟು ಕೋಚಿಂಗಿಗೆ ಮಕ್ಕಳನ್ನು ದೂರ ಕಳುಹಿಸುವ ಅಗತ್ಯ ಈ ದಾರಿಗೆ ಇದೆಯೆಂದು ನಮಗೆ ತೋರುವುದಿಲ್ಲ. ಒಂದು ಲೆಕ್ಕದ ಎದುರು ಎರಡು ದಿನ ಕೂರುವ ತಾಳ್ಮೆಯನ್ನು ಯಾವ ಕೋಚಿಂಗೂ ಕಲಿಸಲಾರದು, ಎಷ್ಟೋ ಸಲ ಇದ್ದುದನ್ನೂ ಕೆಡಿಸುತ್ತದೆ.

ಪ್ಲಸ್ ಟು ಆದ ಮೇಲೆ ದಾರಿ ಎರಡಾಗಿ ಒಡೆಯುತ್ತದೆ. ಒಂದು, ವಿಜ್ಞಾನವನ್ನೇ ಕಲಿಸಲು ಕೇಂದ್ರ ಸರಕಾರ ಕಟ್ಟಿದ ಸಂಸ್ಥೆಗಳು. ಐಸರ್ ಎಂದು ಕರೆಯುವ ಇವು ಏಳು ಇವೆ: ಪುಣೆ, ಕೋಲ್ಕತ್ತ, ಮೊಹಾಲಿ, ಭೋಪಾಲ, ತಿರುವನಂತಪುರ, ತಿರುಪತಿ, ಬರ್ಹಾಂಪುರ. ತಿರುವನಂತಪುರದ್ದು ವಿದುರ ಎಂಬಲ್ಲಿ ಗುಡ್ಡಗಳ ನಡುವೆ ಇದೆ. ಇಲ್ಲಿ ಐದು ವರ್ಷಗಳ ಬಿ.ಎಸ್.-ಎಂ.ಎಸ್. ಕಲಿಕೆ. ಆರಂಭದಲ್ಲಿ ಎಲ್ಲ ವಿಜ್ಞಾನಗಳೂ ಇರುತ್ತವೆ, ಆಮೇಲೆ ಬೇಕಾದುದನ್ನು ಆರಿಸಿಕೊಳ್ಳಬೇಕು, ಕೊನೆಯ ವರ್ಷ ಸಂಶೋಧನೆ. ಪ್ರವೇಶಕ್ಕೆ ಐಸರ್ ಅಭಿರುಚಿ ಪರೀಕ್ಷೆ ಉಂಟು. ಅದರಲ್ಲಿ ಜೀವಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಭೌತಶಾಸ್ತ್ರ ನಾಲ್ಕರಿಂದಲೂ ತಲಾ ಹದಿನೈದು ಪ್ರಶ್ನೆ. ಬಯಾಲಜಿಯೂ ಮ್ಯಾಥ್ಸೂ ಇರುವ ಗುಂಪನ್ನು ಮೇಲೆ ಹೊಗಳಿದ್ದು ಈ ಕಾರಣಕ್ಕೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಟಾಟಾ ಇನ್‌ಸ್ಟಿಟ್ಯೂಟ್ ಎಂದು ನಮ್ಮ ಹಿರಿಯರು ಕರೆಯುತ್ತಿದ್ದದ್ದು, 2011ರಿಂದ ನಾಲ್ಕು ವರ್ಷಗಳ ಪದವಿಯನ್ನೂ ನಡೆಸುತ್ತಿದೆ. ಅದೂ ಈ ಪರೀಕ್ಷೆಯ ಅಂಕವನ್ನು ಪರಿಗಣಿಸುತ್ತದೆ. ಭುವನೇಶ್ವರದ ನೈಸರ್ ಸಂಸ್ಥೆಗೂ ಮುಂಬಯಿಯ ಅದರ ಸೋದರ ಸಂಸ್ಥೆಗೂ ನೆಸ್ಟ್ ಎಂಬ ಬೇರೆ ಪರೀಕ್ಷೆ. ನಿಯಮಗಳು ವರ್ಷವರ್ಷವೂ ಸ್ವಲ್ಪ ಬದಲಾಗುವುದರಿಂದ ಆಯಾ ವರ್ಷದ ಪ್ರಕಟಣೆಯನ್ನು ಓದಿಯೇ ಅರ್ಜಿ ಹಾಕಬೇಕು. ನೆರೆಮನೆಯವರ ಮಾತು ಕೇಳಿ ಹಾಕಬಾರದು.

ಎರಡನೆಯ ದಾರಿ ಊರಿನ ಕಾಲೇಜು. ಇದನ್ನು ಕೀಳು ಎಂದು ಭಾವಿಸಬೇಡಿ. ಹದಿನೆಂಟರ ಮಗುವನ್ನು ದೂರ ಕಳುಹಿಸಲಾಗದ ಮನೆಗಳಿವೆ, ಪ್ರವೇಶ ಪರೀಕ್ಷೆಯ ದಿನ ಜ್ವರ ಬಂದ ಮಕ್ಕಳಿದ್ದಾರೆ. ಕಾಸರಗೋಡಿನ ಸರಕಾರಿ ಕಾಲೇಜಿನಲ್ಲಿಯೋ ಮಂಗಳೂರಿನಲ್ಲಿಯೋ ಭೌತಶಾಸ್ತ್ರ ಪದವಿ ಮಾಡಬಹುದು. ಕೇರಳದ ವಿಶ್ವವಿದ್ಯಾಲಯಗಳಲ್ಲಿ 2024ರಿಂದ ನಾಲ್ಕು ವರ್ಷದ ಪದವಿ ಕ್ರಮ ಬಂದಿದೆ. ಮೂರಕ್ಕೆ ಮುಗಿಸುವ ಅವಕಾಶವೂ ಇದೆ. ಭೌತಶಾಸ್ತ್ರವನ್ನು ಮುಖ್ಯ ವಿಷಯವಾಗಿ ತೆಗೆದುಕೊಂಡವರು ಜತೆಗೆ ಗಣಿತವನ್ನು ಬಿಡಲೇಬಾರದು. ಆ ಮೇಲೆ 'ಜಾಮ್' ಎಂಬ ಪರೀಕ್ಷೆ ಬರೆದು ಐ.ಐ.ಟಿ.ಗಳಲ್ಲಿ ಎಂ.ಎಸ್‌ಸಿ.ಗೆ ಹೋಗಬಹುದು. ನಮ್ಮ ಪೆರಿಯದಲ್ಲಿಯೇ 2009ರಲ್ಲಿ ಆರಂಭವಾದ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಗಡಿಯಾಚೆ ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾಲಯವಿದೆ. ಊರಿನ ಕಾಲೇಜಿನಲ್ಲಿ ಕಲಿಯುವವರು ಪಾಠಪಟ್ಟಿಗಷ್ಟೇ ಕಟ್ಟುಬೀಳಬಾರದು. ಮದರಾಸು ಐ.ಐ.ಟಿ.ಯ ವಿ. ಬಾಲಕೃಷ್ಣನ್ ಅವರ ಪಾಠಗಳು ಅಂತರ್ಜಾಲದಲ್ಲಿ ಪೂರ್ತಿಯಾಗಿ ಇವೆ. ಫೈನ್‌ಮನ್ ಅವರ ಪ್ರಸಿದ್ಧ ಉಪನ್ಯಾಸಗಳನ್ನೂ ಓದಬಹುದು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆಯ ಫೆಲೋಶಿಪ್ಪಿಗೆ ಅರ್ಜಿ ಹಾಕಿದರೆ ದೊಡ್ಡ ಸಂಸ್ಥೆಯೊಂದರಲ್ಲಿ ಒಬ್ಬ ವಿಜ್ಞಾನಿಯ ಬಳಿ ಕೆಲಸ ಕಲಿಯುವ ಅವಕಾಶ ಸಿಕ್ಕೀತು.

ಎರಡು ದಾರಿಗಳೂ ಪಿಎಚ್‌.ಡಿ.ಯಲ್ಲಿ ಕೂಡುತ್ತವೆ. ಸೈದ್ಧಾಂತಿಕ ಭೌತಶಾಸ್ತ್ರಕ್ಕೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಬೆಂಗಳೂರಿನಲ್ಲಿರುವ ಅದರ ಐ.ಸಿ.ಟಿ.ಎಸ್. ಕೇಂದ್ರ, ಚೆನ್ನೈಯ ಗಣಿತ ವಿಜ್ಞಾನ ಸಂಸ್ಥೆ, ಪುಣೆಯ ಅಯೂಕಾ, ಪ್ರಯಾಗದ ಹರೀಶ್‌ಚಂದ್ರ ಸಂಸ್ಥೆ ಇವು ಹೆಸರಾದವು. ಜೆಸ್ಟ್, ನೆಟ್ ಮೊದಲಾದ ಪರೀಕ್ಷೆಗಳ ಮೂಲಕ ಪ್ರವೇಶ.

ಖರ್ಚಿನ ಮಾತಿಗೆ ಆ ತಂದೆಯ ಮುಖದಲ್ಲಿ ಆತಂಕ ಹೆಚ್ಚಿತ್ತು. ಹನ್ನೆರಡನೆಯ ತರಗತಿಯ ಬೋರ್ಡ್ ಪರೀಕ್ಷೆಯಲ್ಲಿ ಮೇಲಿನ ಶೇಕಡಾ ಒಂದರೊಳಗೆ ಬಂದು ಮೂಲವಿಜ್ಞಾನ ಕಲಿಯುವವರಿಗೆ ಕೇಂದ್ರದ ಇನ್‌ಸ್ಪೈರ್ ವಿದ್ಯಾರ್ಥಿವೇತನ ವರ್ಷಕ್ಕೆ 80,000 ರೂಪಾಯಿ ಉಂಟು. ಊರಿನ ಕಾಲೇಜಿನಲ್ಲಿ ಕಲಿತರೂ ಸಿಗುತ್ತದೆ. ಪಿಎಚ್‌.ಡಿ.ಗೆ ಹೋದ ಮೇಲೆ ಮನೆಯಿಂದ ಹಣ ಬೇಡ; 2023ರ ಜನವರಿಯಲ್ಲಿ ಏರಿಸಿದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ. ಇದನ್ನು ಕೇಳಿ ಅವರು, "ಕಲಿಯುವವರಿಗೆ ಸಂಬಳವಾ?" ಎಂದು ಎರಡು ಸಲ ಕೇಳಿದರು.

ಒಳ್ಳೆಯದನ್ನಷ್ಟೇ ಹೇಳಿ ಕಳುಹಿಸಿದರೆ ಮೋಸ ಮಾಡಿದಂತಾಗುತ್ತದೆ. ಆದ್ದರಿಂದ ಉಳಿದದ್ದನ್ನೂ ಹೇಳಿದೆವು. ಹದಿನೆಂಟಕ್ಕೆ ಹೊರಟವಳು ಇಪ್ಪತ್ತಮೂರಕ್ಕೆ ಎಂ.ಎಸ್. ಮುಗಿಸುತ್ತಾಳೆ. ಪಿಎಚ್‌.ಡಿ.ಗೆ ಐದಾರು ವರ್ಷ. ಅನಂತರ ಎರಡು ಮೂರು ಕಡೆ, ಹೆಚ್ಚಾಗಿ ಹೊರದೇಶದಲ್ಲಿ, ತಾತ್ಕಾಲಿಕ ಸಂಶೋಧನೆ. ಖಾಯಂ ಕೆಲಸ ಎಂಬುದು ಸಿಗುವುದಾದರೆ ಮೂವತ್ತೆರಡು, ಮೂವತ್ತೈದರ ಹೊತ್ತಿಗೆ. ಹುದ್ದೆಗಳು ಕೆಲವು, ಆಸೆಪಟ್ಟವರು ಬಹಳ. ಮದುವೆ ಯಾವಾಗ ಎಂದು ನೆಂಟರಿಷ್ಟರು ಕೇಳುತ್ತಲೇ ಇರುತ್ತಾರೆ. ಗಂಡುಮಕ್ಕಳನ್ನು ಅಷ್ಟು ಕೇಳುವುದಿಲ್ಲ. ಪಿಎಚ್‌.ಡಿ. ಮಾಡಿಯೂ ಸಂಶೋಧನೆಯಲ್ಲಿ ನಿಲ್ಲಲಾಗದೆ ಕಾಲೇಜಿನ ಪಾಠಕ್ಕೋ, ಕಂಪ್ಯೂಟರ್ ಕಂಪೆನಿಗಳಿಗೋ, ಬ್ಯಾಂಕುಗಳ ಲೆಕ್ಕಾಚಾರದ ವಿಭಾಗಗಳಿಗೋ ಹೋಗುವವರು ಅನೇಕರು. ಅತ್ತ ಹೊಸ ಅವಕಾಶಗಳೂ ಇಲ್ಲದಿಲ್ಲ. ಲೈಗೋ ಯಂತ್ರವೊಂದನ್ನು ನಮ್ಮ ದೇಶದಲ್ಲಿ, ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಕಟ್ಟಲು ಕೇಂದ್ರ ಸಂಪುಟ 2023ರಲ್ಲಿ ಒಪ್ಪಿಗೆ ಕೊಟ್ಟಿದೆ. ಈಗ ಪ್ಲಸ್ ವನ್ ಸೇರುವ ಮಕ್ಕಳು ಪಿಎಚ್‌.ಡಿ.ಗೆ ಬರುವ ಕಾಲಕ್ಕೆ ಅದರ ಅಂಕಿಗಳನ್ನು ಓದಿ ಅರ್ಥಮಾಡಿಕೊಳ್ಳುವವರು ಬೇಕಾದಾರು.

ಇಷ್ಟೆಲ್ಲ ಕೇಳಿ ಆ ತಂದೆ ಸ್ವಲ್ಪ ಹೊತ್ತು ಸುಮ್ಮನೆ ಎಲೆಗೆ ಸುಣ್ಣ ಹಚ್ಚಿದರು. ಆಮೇಲೆ, "ಅಂದರೆ ಮೂವತ್ತು ಕೋಲು ಒಳಗೆ ಹೋದ ಮೇಲೂ ನೀರು ಸಿಗ್ಲಿಕ್ಕಿಲ್ಲ ಅಂತ ಆಯ್ತಲ್ಲ ಮಾಷ್ಟ್ರೇ" ಎಂದರು.

"ಸುರಂಗದಲ್ಲಿ ಹಾಗೆ ಆದರೆ ನೀವು ಏನು ಮಾಡ್ತೀರಿ?" ಎಂದು ಕೇಳಿದೆವು.

"ಬಿಟ್ಟು ಬರುವುದುಂಟು. ಕೆಲವು ಸಲ ಒಳಗಿಂದಲೇ ಬದಿಗೆ ತಿರುಗಿಸಿ ತೋಡ್ತೇವೆ. ತೋಡ್ಲಿಕ್ಕೆ ಕಲಿತ ಕೈ ಉಂಟಲ್ಲ, ಅದು ಎಲ್ಲಿಗೂ ಹೋಗುವುದಿಲ್ಲ." ಮತ್ತೆ ಸ್ವಲ್ಪ ತಡೆದು, "ಇವಳ ಅಜ್ಜ ತೋಡಿದ ಸುರಂಗದ ನೀರನ್ನೇ ನಾವು ಇವತ್ತಿಗೂ ಕುಡಿಯುವುದು. ಅವರು ತೋಡುವಾಗ ಊರವರೆಲ್ಲ ನಗಾಡ್ತಿದ್ರಂತೆ" ಎಂದರು.

ಹುಡುಗಿ ಅಂಗಳದಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದಳು. ಅಪ್ಪನ ಮಾತು ಮುಗಿದ ಮೇಲೆ ಅವಳು ಕೇಳಿದ್ದು ಒಂದೇ: ಸುರಂಗ ಅಡ್ಡಕ್ಕೆ ಹೋಗುವುದರಿಂದ ಅದರೊಳಗಿನ ವಾಚು ನಿಧಾನವಾಗುವುದಿಲ್ಲ ಅಲ್ಲವೇ, ಎಂದು. ಈ ಸಲವೂ ನಾವು ನಾಳೆ ಹೇಳುವುದಾಗಿ ಹೇಳಿದೆವು.

ಅರ್ಜಿಯನ್ನು ಮರುದಿನವೇ ಶಾಲೆಯ ಕಂಪ್ಯೂಟರಿನಲ್ಲಿ ತುಂಬಿಸಿದ್ದಾಗಿದೆ. ಮೊದಲ ಮೂರು ಆಯ್ಕೆಗಳಲ್ಲಿಯೂ ಬಯಾಲಜಿ, ಮ್ಯಾಥ್ಸ್ ಇರುವ ಗುಂಪನ್ನೇ ಹಾಕಿದ್ದೇವೆ. ನೋಟ್ ಪುಸ್ತಕದ ನಡುವೆ ಗೆರೆ ಎಳೆದು ಅವಳು ಎಂಟನೆಯ ತರಗತಿಯ ಶಬ್ದಗಳಿಂದ ಆರಂಭಿಸಿದ್ದಾಳೆ. ಅಲಾಟ್‌ಮೆಂಟ್ ಇನ್ನು ಬರಬೇಕಷ್ಟೆ. ಇದೇ ದಾರಿಯ ಬಗ್ಗೆ ವಿಚಾರಿಸಬೇಕೆಂದಿರುವ ಹೆತ್ತವರು ತಮ್ಮ ಮಕ್ಕಳ ಶಾಲೆಯ ಗಣಿತ ಅಥವಾ ವಿಜ್ಞಾನದ ಅಧ್ಯಾಪಕರನ್ನು ಅರ್ಜಿಯ ಕೊನೆಯ ದಿನಕ್ಕಿಂತ ಮೊದಲೇ ಕಾಣುವುದು ಒಳ್ಳೆಯದು. ನಮ್ಮ ಶಾಲೆಯ ಮಕ್ಕಳ ಮನೆಯವರಿಗಾಗಿ ಶನಿವಾರ ಮಧ್ಯಾಹ್ನದ ಮೇಲೆ ನಾವು ಗ್ರಂಥಾಲಯದಲ್ಲಿ ಇರುತ್ತೇವೆ. ಕಪಾಟಿನ ಬೀಗ ತೆಗೆದಿರುತ್ತೇವೆ.